ಕೇಳಿದರೂ ಕೊಡಬಾರದ್ದು

ಮಾರ್ಚ್ ೩, ಭಾನುವಾರ

ಒಂಬತ್ತಕ್ಕೆ ಬರುತ್ತೇನೆ ಎಂದು ಹೋದ ಫಕಮೀಲೆ ಒಂಬತ್ತು ನಲವತ್ತಕ್ಕೆ ಬಂದಳು. ಆ ನಲವತ್ತು ನಿಮಿಷ ನಾನು ಬಾಗಿಲ ಪಕ್ಕದ ಚಾಪೆಯಿಂದ ಕಿಟಕಿಗೆ, ಕಿಟಕಿಯಿಂದ ಚಾಪೆಗೆ ನಡೆದದ್ದೇ ನಡೆದದ್ದು. ಬೀದಿಗೆ ಹೋಗಿ ನೋಡುವಂತಿಲ್ಲ. ಗಂಡ ಸತ್ತ ವರ್ಷದ ಕಪ್ಪು ಬಟ್ಟೆಯಲ್ಲಿ ಗೇಟಿನ ಹತ್ತಿರ ನಿಂತರೆ ಚರ್ಚಿಗೆ ಹೊರಟವರು ರಸ್ತೆಯ ಆಚೆ ಬದಿಗೆ ದಾಟುತ್ತಾರೆ. ಅವರ ತಪ್ಪಲ್ಲ. ಹಿಂದೆ ನಾನೂ ದಾಟಿದ್ದೇನೆ.

ಬಂದವಳು ಹೊಸ್ತಿಲ ಮೇಲೆ ಧೊಪ್ಪನೆ ಕುಳಿತು ಶೂ ಕಿತ್ತೆಸೆದಳು. ಮೂವತ್ತೆರಡು ಕಿಲೋಮೀಟರ್ ಓಡಿದ್ದಳು.

"ಯಾವ ಬಣ್ಣ?" ಎಂದು ಕೇಳಿದೆ.

"ಅತ್ತಿಗೆ, ಊರಲ್ಲೆಲ್ಲ ಸುಸ್ತಾಯ್ತಾ, ನೀರು ಬೇಕಾ ಅಂತ ಕೇಳ್ತಾರೆ. ಉಚ್ಚೆ ಯಾವ ಬಣ್ಣ ಅಂತ ಕೇಳೋಳು ನೀನೊಬ್ಬಳೇ."

"ಹೇಳೇ ಸುಮ್ನೆ."

"ಕೋಲಾ ಥರ."

ನಾನು ಗೋಡೆ ಹಿಡಿದುಕೊಂಡೆ. ಅವಳು ಬರಿಗಾಲಲ್ಲಿ ಓಡಿ ಬಂದು ನನ್ನ ತೋಳು ಹಿಡಿದಳು. "ತಮಾಷೆ ಅತ್ತಿಗೆ, ತಮಾಷೆ! ಒಣಹುಲ್ಲಿನ ಬಣ್ಣ. ಬೇಕಾದ್ರೆ ನಾಳೆ ಸೀಸೇಲಿ ಹಿಡಿದು ತಂದು ತೋರಿಸ್ತೀನಿ."

ಕಳೆದ ವರ್ಷ ದೊಡ್ಡ ಓಟ ಮುಗಿಸಿ ಬಂದ ಮರುದಿನ ನನ್ನ ಗಂಡ ಎಲ್ಫಾಸ್ ಅವರದು ಕೋಲಾದ ಬಣ್ಣವೇ ಇತ್ತು. ಮೂರನೆಯ ದಿನ ಬರುವುದೇ ನಿಂತಿತು. ಹನ್ನೊಂದನೆಯ ದಿನ ಅವರೇ ಇರಲಿಲ್ಲ. ಮೂತ್ರಪಿಂಡ ಎಂದರು ಆಸ್ಪತ್ರೆಯಲ್ಲಿ.

ಅಣ್ಣನನ್ನು ಆಸ್ಪತ್ರೆಯಲ್ಲಿ ನೋಡಲು ಬಂದ ಫಕಮೀಲೆ ಮಣ್ಣಾದ ಮೇಲೂ ನನ್ನ ಹಿಂದಿನ ಕೋಣೆಯಲ್ಲೇ ಉಳಿದಳು. ಶಾಲೆಯಲ್ಲಿ ಅಡುಗೆ ಮಾಡುವವಳು, ಮೂವತ್ತೆಂಟು ವರ್ಷ, ಅದುವರೆಗೆ ಟ್ಯಾಕ್ಸಿ ಹಿಡಿಯುವುದಕ್ಕೂ ಓಡಿದವಳಲ್ಲ. ಸೆಪ್ಟೆಂಬರಿನಲ್ಲಿ ಒಂದು ದಿನ ಅಣ್ಣನ ಓಟದ ಸಂಘಕ್ಕೇ ಹೋಗಿ ಹೆಸರು ಬರೆಸಿ ಬಂದಳು. ಅದೇ ಓಟ, ಜೂನ್ ಒಂಬತ್ತಕ್ಕೆ. ಎಂಬತ್ತೇಳು ಕಿಲೋಮೀಟರ್, ಹನ್ನೆರಡು ಗಂಟೆಯೊಳಗೆ. ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ಬೇಡ ಎನ್ನಲು ನಾನು ಕಾರಣ ಹೇಳಬೇಕಾಗುತ್ತಿತ್ತು.

ಇನ್ನು ತೊಂಬತ್ತೆಂಟು ದಿನ.

ಮಾರ್ಚ್ ೧೭, ಭಾನುವಾರ

ಜೆಫಾನಿಯಾ ಕಾರಿನಲ್ಲಿ ಅವಳನ್ನು ಬಿಟ್ಟುಹೋದರು. ಒಳಗೆ ಬರಲಿಲ್ಲ. ಬಾನೆಟ್ಟಿಗೆ ಒರಗಿ ನಿಂತು ನೆಲ ನೋಡುತ್ತ "ಚೆನ್ನಾಗಿದ್ದೀಯ ಮಾಗುಮೆಡೆ?" ಎಂದರು. ತವರಿನ ಹೆಸರು ಹಿಡಿದೇ ಅವರು ನನ್ನನ್ನು ಕರೆಯುವುದು. ಚೆನ್ನಾಗಿದ್ದೇನೆ ಎಂದೆ. ಅಷ್ಟೇ.

ಹದಿನೈದು ವರ್ಷ ಭಾನುವಾರ ಓಟ ಮುಗಿಸಿ ಎಲ್ಫಾಸ್ ಜೊತೆ ನೇರ ನನ್ನ ಅಡುಗೆಮನೆಗೆ ಬಂದು, ಮಡಕೆಯ ಮುಚ್ಚಳ ತಾವೇ ತೆಗೆದು, "ಹುಳಿಹಾಲು ಎಲ್ಲಮ್ಮ? ಬರೀ ಜೋಳದ ಉದುರು ಗಂಟಲಲ್ಲಿ ಇಳಿಯುತ್ತಾ?" ಎಂದು ಜಗಳ ತೆಗೆಯುತ್ತಿದ್ದ ಮನುಷ್ಯ. ಓಟದಲ್ಲಿ ಅವರು ಹನ್ನೆರಡು ಗಂಟೆಯ ಬಸ್ಸಿನ ಡ್ರೈವರ್. ಬಸ್ಸೆಂದರೆ ಕಾಲ ಮೇಲೆ ಹೋಗುವ ಬಸ್ಸು. ಕೈಯಲ್ಲಿ ಬಾವುಟ ಹಿಡಿದು, ಹಾಡು ಹೇಳಿಸುತ್ತ, ಕೊನೆಯಲ್ಲಿರುವವರನ್ನೆಲ್ಲ ಒಂದು ಗುಂಪು ಮಾಡಿ, ಮುಗಿಯುವ ಗುಂಡು ಹಾರುವ ಮೊದಲು ಮುಟ್ಟಿಸುತ್ತಾರೆ. ಅಂಥವರೂ ನನ್ನ ಬಟ್ಟೆಗೆ ಹೆದರುತ್ತಾರೆಂದು ನಾನು ತಿಳಿದಿರಲಿಲ್ಲ.

ಏಪ್ರಿಲ್ ೬, ಶನಿವಾರ

ಫಕಮೀಲೆ ಚೀಟಿ ತಂದಳು.

ಸಿಯಾಫೀಕಾ ಸಂಘದಲ್ಲಿ ಪ್ರತಿ ಓಟಗಾರರೂ ಈ ಚೀಟಿ ಬರೆದುಕೊಡಬೇಕು. ಐವತ್ತೆಂಟನೆಯ ಕಿಲೋಮೀಟರಿನಲ್ಲಿ ಸಂಘದ ಮೇಜು ಇರುತ್ತದೆ. ಅಲ್ಲಿಗೆ ಬರುವ ಹೊತ್ತಿಗೆ ಓಟಗಾರರಿಗೆ ತಲೆ ನೆಟ್ಟಗಿರುವುದಿಲ್ಲ, ಏನೇನೋ ಕೇಳುತ್ತಾರೆ. ಆದ್ದರಿಂದ ತಲೆ ನೆಟ್ಟಗಿದ್ದಾಗಲೇ ಮೂರು ಸಾಲು ಬರೆಸಿಕೊಳ್ಳುತ್ತಾರೆ. ಕೊಡಬೇಕಾದ್ದು. ಕೇಳಿದರೂ ಕೊಡಬಾರದ್ದು. ಕೈ. ಕೈ ಎಂದರೆ ಯಾರಿಂದ ತೆಗೆದುಕೊಳ್ಳುತ್ತಾರೋ ಅವರು. ಒಬ್ಬರಿಗೆ ಒಂದೇ ಕೈ, ಬೇರೆಯವರು ಏನೂ ಕೊಡುವಂತಿಲ್ಲ.

ಅವಳು ಊಟದ ಮೇಜಿನ ಮೇಲೆ ಚೀಟಿ ಇಟ್ಟು, ನಾಲಿಗೆ ಕಚ್ಚಿಕೊಂಡು ಬರೆದಳು. ಕೊಡಬೇಕಾದ್ದು: ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ ಎರಡು, ಕಿತ್ತಳೆ, ಒಣ ಕಾಲುಚೀಲ. ಕೈ: ಅತ್ತಿಗೆ.

"ನಾನಾ? ಈ ಬಟ್ಟೇಲಿ?"

"ಆಲೂಗಡ್ಡೆಗೆ ಬಟ್ಟೆ ಕಾಣಿಸುತ್ತಾ?"

"ಸಂಘದವರು ಒಪ್ಪಲ್ಲ ಕಣೇ. ಅತ್ತೆ ಒಪ್ಪಲ್ಲ."

"ಅಮ್ಮನ್ನ ನಾನು ಕೇಳ್ತೀನಿ. ಸಂಘದವರನ್ನ ಕೇಳೋದೇ ಇಲ್ಲ."

ಕೊಡಬಾರದ್ದು ಎಂಬ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿ, "ಅಣ್ಣ ಏನು ಬರೀತಿದ್ದ?" ಎಂದಳು.

"ನೆನಪಿಲ್ಲ," ಎಂದೆ.

ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಬರೆದಳು: ನೋವಿನ ಮಾತ್ರೆ.

ಏಪ್ರಿಲ್ ೭, ಭಾನುವಾರ

ಬರೆದೇಬಿಡುತ್ತೇನೆ. ಇದನ್ನು ಯಾರೂ ಓದುವುದಿಲ್ಲ.

ಕಳೆದ ವರ್ಷ ಅವರ ಕೈ ನಾನೇ. ಹನ್ನೊಂದು ವರ್ಷದಿಂದಲೂ ನಾನೇ. ಚೀಟಿ ನನ್ನ ಏಪ್ರನ್ನಿನ ಜೇಬಿನಲ್ಲಿತ್ತು. ಕೇಳಿದರೂ ಕೊಡಬಾರದ್ದು: ನೋವಿನ ಮಾತ್ರೆ. ಅದರ ಹಿಂದಿನ ವರ್ಷ ಒಮ್ಮೆ ಬಣ್ಣ ಕೆಟ್ಟಿತ್ತು, ಕ್ಲಿನಿಕ್ಕಿನ ನರ್ಸ್ ಬೈದು ಕಳಿಸಿದ್ದಳು, ಅದಕ್ಕೆ ಹಾಗೆ ಬರೆದಿದ್ದರು.

ಬಲಗಾಲು ಎಳೆಯುತ್ತ ಬಂದರು. ಆಲೂಗಡ್ಡೆ ಬೇಡ ಎಂದರು. "ಬೊನಕೀಲೆ, ನಿನ್ನ ಬೆನ್ನಿನ ಮಾತ್ರೆ ಬ್ಯಾಗಲ್ಲಿ ಇರುತ್ತಲ್ಲ, ಎರಡು ಕೊಡು."

ನಾನು ಚೀಟಿ ತೆಗೆದು ತೋರಿಸಿದೆ. ಅವರು ನೋಡಿ, "ಅದನ್ನ ಬರೆದೋನು ಮಂಚದ ಮೇಲೆ ಕೂತಿದ್ದ ಕಣೇ," ಎಂದರು.

ನನಗೆ ನಗು ಬಂತು. ನಗುತ್ತಲೇ ಎರಡು ಕೊಟ್ಟೆ. ಆ ಕಡೆ ಈ ಕಡೆ ನೋಡಿ ಕೊಟ್ಟೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, ಓಡುವಾಗ ನೋವಿನ ಮಾತ್ರೆ ಏನಾದರೂ ತೆಗೆದುಕೊಂಡರಾ, ಬಿಸಿಲಲ್ಲಿ ಬೆವರಿದ ಮೈಗೆ ಅದು ಬಹಳ ಕೆಟ್ಟದ್ದು ಎಂದು. ಫಕಮೀಲೆ ಪಕ್ಕದಲ್ಲೇ ಇದ್ದಳು. ಗೊತ್ತಿಲ್ಲ ಎನ್ನಬಹುದಿತ್ತು. ನಾನು "ಇಲ್ಲ" ಎಂದೆ.

ಈಗ ಮತ್ತೆ ಅದೇ ಮೇಜು, ಅದೇ ಕೈ.

ಏಪ್ರಿಲ್ ೧೪

ನಲವತ್ತೆರಡು ಕಿಲೋಮೀಟರಿನ ಓಟಕ್ಕೆ ಹೋಗಿದ್ದಾಳೆ. ಮಧ್ಯಾಹ್ನದವರೆಗೆ ಫೋನ್ ಇಲ್ಲ. ಬಂದಳು. ಒಣಹುಲ್ಲು.

ಏಪ್ರಿಲ್ ೨೭, ಶನಿವಾರ

ಹತ್ತು ತಿಂಗಳ ನಂತರ, ಕೆಲಸಕ್ಕಲ್ಲದೆ, ನಾಲ್ಕು ಜನರಿರುವ ಕಡೆ ಹೋದೆ. ಫಕಮೀಲೆ ಕೈ ಹಿಡಿದು ಎಳೆದುಕೊಂಡು ಹೋದಳು. ಟ್ರಿಫೀನಾ ಅಜ್ಜಿಯ ಹಿತ್ತಲಲ್ಲಿ ಚೀಟಿ ಒಪ್ಪಿಸುವ ಸಭೆ. ಮೇಜಿಗೆ ಒಡತಿ ಅಜ್ಜಿಯೇ. ಎಪ್ಪತ್ತು ವರ್ಷ. ಆಲೂಗಡ್ಡೆ ಎಷ್ಟು ಬೇಯಬೇಕು ಎಂಬುದರಿಂದ ಹಿಡಿದು ಯಾರು ಎಲ್ಲಿ ನಿಲ್ಲಬೇಕು ಎಂಬುದರವರೆಗೆ ಅವರ ಮಾತೇ ಕೊನೆ.

ನಾನು ಎಲ್ಲರಿಂದ ದೂರ, ನೀರಿನ ಡ್ರಮ್ಮಿನ ಹಿಂದೆ ಕುಳಿತೆ. ಅಜ್ಜಿ ಕನ್ನಡಕ ಏರಿಸಿಕೊಂಡು ಚೀಟಿಗಳನ್ನು ಗಟ್ಟಿಯಾಗಿ ಓದುತ್ತಿದ್ದರು. "ಕೇಳಿದರೂ ಕೊಡಬಾರದ್ದು: ಕುರ್ಚಿ. ಸರಿ, ಬುದ್ಧಿವಂತ. ಕೂತ್ರೆ ಏಳಲ್ಲ ಇವನು. ಮುಂದೆ. ಕೊಡಬಾರದ್ದು: ಫೋನ್. ಯಾಕೋ?"

"ಹೆಂಡ್ತಿಗೆ ಮಾಡ್ತೀನಿ ಅಜ್ಜಿ. ಅವಳು ಸಾಕು ಬಾ ಅಂದುಬಿಡ್ತಾಳೆ."

"ನಿನ್ನ ಹೆಂಡ್ತಿ ಸಾಕು ಬಾ ಅನ್ನಲ್ಲ, ಅಲ್ಲೇ ಇರು ಅಂತಾಳೆ. ಮುಂದೆ." ಎಲ್ಲರೂ ನಕ್ಕರು. ಮುಂದಿನ ಚೀಟಿ ಫಕಮೀಲೆಯದು. ಅಜ್ಜಿ ಅದನ್ನು ಗಟ್ಟಿಯಾಗಿ ಓದಲಿಲ್ಲ. ಮನಸ್ಸಿನಲ್ಲೇ ಓದಿ, ಮಡಿಸಿ, ಮತ್ತೆ ಬಿಚ್ಚಿದರು.

ಹೊಸದಾಗಿ ಸೇರಿದ ಒಬ್ಬ ಓಟಗಾರ ಇಣುಕಿ ನೋಡಿ, "ಕಪ್ಪು ಬಟ್ಟೆಯವರು ಮೇಜಲ್ಲಿ ನಿಂತರೆ... ನನಗೇನಿಲ್ಲಪ್ಪ, ಬೇರೆಯವರು ಅಂತಾರೆ," ಎಂದ.

"ನಿಂಗೆ ಮಂಡಿನೋವು ಬರೋದು ಸೋಮಾರಿತನಕ್ಕೆ, ನಮ್ಮತ್ತಿಗೆ ಬಟ್ಟೆಗಲ್ಲ," ಎಂದಳು ಫಕಮೀಲೆ.

ಅಜ್ಜಿ ಅವಳನ್ನು ಗದರುತ್ತಾರೆ ಎಂದುಕೊಂಡೆ. ಅವರು ಚೀಟಿಯನ್ನು ಮತ್ತೆ ಮಡಿಸಿದರು. ಜೆಫಾನಿಯಾ ಬೇರೆಲ್ಲೋ ನೋಡುತ್ತ, "ಬರಲಿ. ಅವಳೇ ಬರಬೇಕು," ಎಂದರು. ಅಜ್ಜಿ ತಲೆಯಾಡಿಸಿದರು. ಇಬ್ಬರೂ ನನ್ನ ಕಡೆ ತಿರುಗಲಿಲ್ಲ. ಕನಿಕರ ಇರಬೇಕು. ಬೇಡ ಎಂದುಬಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮೇ ೧೨, ಭಾನುವಾರ

ಅತ್ತೆ ಊರಿನಿಂದ ಫೋನ್ ಮಾಡಿದ್ದರು. "ಮಗಳು ಎಲ್ಲ ಹೇಳಿದ್ಲು. ಹೋಗು. ಹೊತ್ತು ಮುಳುಗೋದ್ರೊಳಗೆ ಮನೆ ಸೇರ್ಕೋ. ಬಟ್ಟೆ ತೆಗೆಯೋಕೆ ಇನ್ನೆರಡು ತಿಂಗಳಿಲ್ಲ, ಈಗ ಕೆಡಿಸ್ಕೋಬೇಡ." ಆಮೇಲೆ, "ಅವಳನ್ನ ನೋಡ್ಕೋ. ಒಬ್ಬನ್ನ ಕೊಟ್ಟಾಯ್ತು," ಎಂದರು.

ಫೋನ್ ಇಟ್ಟಮೇಲೂ ಕಿವಿಯಲ್ಲಿ ಅದೇ ಮಾತು. ಯಾರಿಗೆ ಕೊಟ್ಟದ್ದು, ಯಾರು ಕೊಟ್ಟದ್ದು.

ಮೇ ೧೯

ಫಕಮೀಲೆಯ ಬಲಮಂಡಿ ಊದಿದೆ. ಅಣ್ಣನದೇ ಕಾಲು. ಐಸ್ ಇಟ್ಟೆ. ನನ್ನ ಬೆನ್ನಿನ ಮಾತ್ರೆಗಳನ್ನು ಬ್ಯಾಗಿನಿಂದ ತೆಗೆದು ಸಕ್ಕರೆ ಡಬ್ಬದ ಹಿಂದೆ ಇಟ್ಟೆ. ಆಮೇಲೆ ಅಲ್ಲೂ ಬೇಡವೆಂದು ಹಾಸಿಗೆಯ ಕೆಳಗೆ ಇಟ್ಟೆ.

ಮೇ ೨೬, ಭಾನುವಾರ

ಟ್ರಿಫೀನಾ ಅಜ್ಜಿ ಹೇಳಿಕಳಿಸಿದ್ದರು, ಐವತ್ತು ಸೀಸೆಗೆ ಹೆಸರಿನ ಪಟ್ಟಿ ಅಂಟಿಸಬೇಕು, ಬಾ ಎಂದು. ಹೋದೆ. ಅಂಟಿಸಿದೆವು. ಅಜ್ಜಿ ಮಾತಿಲ್ಲದೆ ಕೆಲಸ ಮಾಡುವವರಲ್ಲ. ಇವತ್ತು ಮಾತೇ ಇಲ್ಲ. ಹೊರಡುವಾಗ ನನಗೆ ಅಮಹೇವು ಗಂಜಿ ಒಂದು ಲೋಟ ತಂದುಕೊಟ್ಟು, ನಾನು ಕುಡಿಯುವವರೆಗೆ ಎದುರಿಗೆ ನಿಂತಿದ್ದರು. ಏನೋ ಹೇಳಲು ಬಾಯಿ ತೆರೆದವರು "ಆಲೂಗಡ್ಡೆ ಸಣ್ಣವು ಸಾಕು," ಎಂದರು.

ನನ್ನ ವಿಷಯ ಅವರಿಗೆ ಗೊತ್ತಾಗಿದೆ. ಅವತ್ತು ಮೇಜಿನ ಆ ತುದಿಯಲ್ಲಿ ಇದ್ದವರು ಅವರೇ. ಖಂಡಿತ ನೋಡಿದ್ದಾರೆ.

ಮೇ ೩೦

ನಿದ್ದೆ ಇಲ್ಲ. ಕೆಲಸದ ಗೆಸ್ಟ್ ಹೌಸಿನಲ್ಲಿ ಇಸ್ತ್ರಿ ಮಾಡುವಾಗ ಒಂದು ದಿಂಬಿನ ಚೀಲ ಸುಟ್ಟೆ.

ಜೂನ್ ೮, ಶನಿವಾರ

ಆಲೂಗಡ್ಡೆ ಬೆಂದಿದೆ. ಫಕಮೀಲೆ ಮಲಗಿದ್ದಾಳೆ. ಅವಳ ಅಂಗಿಗೆ ನಂಬರು ಪಿನ್ನು ಹಾಕಿದೆ. ನಾಲ್ಕು ಪಿನ್ನಿಗೆ ಅರ್ಧ ಗಂಟೆ ಬೇಕಾಯಿತು. ಬೆನ್ನು ಸೀಳಿಹೋಗುವಷ್ಟು ನೋವು. ನಾಳೆ ದಿನವಿಡೀ ನಿಲ್ಲಬೇಕು. ಮಾತ್ರೆಯ ಪಟ್ಟಿ ಹಾಸಿಗೆಯ ಕೆಳಗಿಂದ ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡಿದ್ದೇನೆ. ನನಗಾಗಿ. ನನಗಾಗಿ ಮಾತ್ರ.

ಜೂನ್ ೯, ಭಾನುವಾರ, ಮೇಜಿನ ಹಿಂದೆ

೧೦.೧೫. ಮುಂದಿನವರು ಹೋಗಿಯಾಯಿತು. ಅವರು ನಿಲ್ಲುವುದಿಲ್ಲ, ಗಾಳಿಯ ಹಾಗೆ. ಬಿಸಿಲು ಏರುತ್ತಿದೆ. ಚಳಿಗಾಲದ ಜೂನ್ ತಿಂಗಳಿಗೆ ಇಷ್ಟು ಬಿಸಿಲು ಬೇಡವಾಗಿತ್ತು.

೧೧.೫೦. ಬೇರೆ ಸಂಘದ ಒಬ್ಬ ಮುದುಕ ನೀರಿಗೆ ಕೈ ಚಾಚಿದ. ನಾನು ಹಿಂದೆ ಸರಿದು ಪಕ್ಕದವರಿಗೆ ಸನ್ನೆ ಮಾಡಿದೆ. ಅವನು ನನ್ನ ಬಟ್ಟೆ ನೋಡಿದ, "ಯಾರಮ್ಮ, ಯಜಮಾನರಾ?" ಎಂದ. ಹೌದು ಎಂದೆ. "ಓಡ್ತಿದ್ರಾ?" ಹೌದು. "ಹಾಗಾದ್ರೆ ನಿನ್ನ ಕೈಲೇ ಕೊಡು," ಎಂದು ನಿಂತೇ ಇದ್ದ. ಕೊಟ್ಟೆ. ಆಮೇಲೆ ಸುಮಾರು ಜನಕ್ಕೆ ಕೊಟ್ಟೆ, ಎಣಿಸಲಿಲ್ಲ. ಕಪ್ಪು ಬಟ್ಟೆಯ ತೋಳು ಒದ್ದೆಯಾಗುತ್ತದೆಂದು ಮೇಲಕ್ಕೆ ಮಡಚಿಕೊಂಡಿದ್ದೇನೆ.

೧.೩೦. ಜೆಫಾನಿಯಾರ ಬಸ್ಸು ಬಂತು. ಹಾಡು ಮೊದಲು ಕೇಳಿಸಿತು, ಆಮೇಲೆ ಬಾವುಟ. ಅರವತ್ತು ಎಪ್ಪತ್ತು ಜನ. ಅವಳಿಲ್ಲ. "ಹಿಂದೆ ಬಿದ್ಲು ಮಾಗುಮೆಡೆ, ಮಂಡಿ," ಎಂದರು ಜೆಫಾನಿಯಾ. ಅವರಿಗೆ ನಿಲ್ಲುವಂತಿಲ್ಲ. ಎಪ್ಪತ್ತು ಜನ ಅವರನ್ನು ನಂಬಿ ಬರುತ್ತಿದ್ದಾರೆ.

೧.೩೫. ಇಲ್ಲ.

೧.೪೫. ಇಲ್ಲ. ಎರಡು ಗಂಟೆಗೆ ಇಲ್ಲಿ ದಾರಿ ಮುಚ್ಚುತ್ತಾರೆ.

೨.೧೦. ಬಂದಳು, ಹೋದಳು. ಈಗ ಬರೆಯಲಾರೆ.

ಜೂನ್ ೧೦, ಸೋಮವಾರ

ಕೆಲಸಕ್ಕೆ ಹೋಗಲಿಲ್ಲ. ನಿನ್ನೆಯದನ್ನು ಬರೆಯುತ್ತೇನೆ.

ಎರಡಕ್ಕೆ ಹತ್ತು ನಿಮಿಷ ಇರುವಾಗ ತಿರುವಿನಲ್ಲಿ ಕಂಡಳು. ಬಲಗಾಲು ಎಳೆಯುತ್ತ. ಮುಖದ ಮೇಲೆ ಉಪ್ಪು ಬೆಳ್ಳಗೆ ಕಟ್ಟಿತ್ತು. ನಾನು ಆಲೂಗಡ್ಡೆ ಚಾಚಿದೆ. ತಳ್ಳಿದಳು.

"ಮಾತ್ರೆ ಕೊಡು."

"ಮೊದ್ಲು ಇದನ್ನ ತಿನ್ನು."

"ನಿನ್ ಹತ್ರ ಇದೆ ಅಂತ ಗೊತ್ತು. ಎರಡು. ಎರಡು ಕೊಟ್ರೆ ಬಸ್ಸು ಹಿಡೀತೀನಿ. ಅತ್ತಿಗೆ, ಕಾಲಿಗೆ ಬೀಳ್ತೀನಿ."

ನಾನು ಚೀಟಿ ತೆಗೆದೆ. ಅವಳು ಅದನ್ನು ಕಿತ್ತು ಎಸೆದಳು. ಏಪ್ರನ್ನಿನ ಜೇಬಿನಲ್ಲಿ ಪಟ್ಟಿ ಇತ್ತು. ನನ್ನ ಬೆರಳು ಅದರ ಮೇಲೆ ಇತ್ತು. ಒಂದು ಗುಳಿಗೆ ಒತ್ತಿದೆನೋ ಏನೋ, ಚಿಟ್ ಎಂದು ಸದ್ದಾಯಿತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಬೈಸಿಕೊಳ್ಳುವ ಶಾಲೆಯ ಹುಡುಗಿಯ ಹಾಗೆ ನಿಂತಿದ್ದೆ.

"ಕೊಡಲ್ಲ."

"ಕರೀ ಬಟ್ಟೆ ಹಾಕ್ಕೊಂಡು ನನ್ನ ಸಾವು ನೋಡೋಕೆ ಬಂದಿದ್ದೀಯಾ? ನಿನ್ನನ್ನ ಕೈ ಅಂತ ಬರೆದೆನಲ್ಲ, ನನ್ನ ಬುದ್ಧಿಗೆ..."

ಟ್ರಿಫೀನಾ ಅಜ್ಜಿ ನಡುವೆ ಬಂದರು. ಬೇಡ ಎನ್ನುತ್ತಾರೋ ಕೊಡು ಎನ್ನುತ್ತಾರೋ ತಿಳಿಯಲಿಲ್ಲ. "ಕೈ ಯಾರು ಅಂತ ಬರೆದಿದ್ದೀಯೋ ಅವಳ ಮಾತು ಕೇಳು. ನಡಿ. ಮುಚ್ತಾರೆ ನಡಿ," ಎಂದು ಅವಳ ಬೆನ್ನಿಗೆ ಒಂದು ಏಟು ಕೊಟ್ಟರು. ಅವಳು ಹೋದಳು. ಹತ್ತು ಹೆಜ್ಜೆ ಹೋದಮೇಲೆ ಆಲೂಗಡ್ಡೆಗೆ ಕೈ ಹಿಂದಕ್ಕೆ ಚಾಚಿದಳು, ತಿರುಗಿ ನೋಡದೆ. ನಾನು ಓಡಿಹೋಗಿ ಇಟ್ಟೆ.

ಮೇಜು ಕಟ್ಟಿ ಕ್ರೀಡಾಂಗಣಕ್ಕೆ ಹೋದೆವು. ನಾಲ್ಕೂವರೆ. ಓಟ ಮುಗಿಯಲು ಇನ್ನೊಂದು ಗಂಟೆ. ಆಂಬುಲೆನ್ಸಿನ ಸದ್ದು ಬಂದಾಗಲೆಲ್ಲ ಅ‍ಜ್ಜಿ ನನ್ನ ಮೊಣಕೈ ಹಿಡಿಯುತ್ತಿದ್ದರು, ನಾನು ಅವರದು. ಐದು ಇಪ್ಪತ್ತಾರಕ್ಕೆ ಜೆಫಾನಿಯಾರ ಬಸ್ಸು ಹಾಡುತ್ತ ಒಳಗೆ ಬಂತು. ಹೊತ್ತು ಮುಳುಗಿ ದೀಪಗಳನ್ನು ಹಾಕಿದ್ದರು, ಅತ್ತೆಯ ಮಾತು ಮೀರಿಯಾಗಿತ್ತು. ಜನ ಕಿರುಚುತ್ತಿದ್ದರು. ಗುಂಡು ಹಾರಿಸುವವರು ಗೆರೆಯ ಮೇಲೆ ಬಂದು ಓಟಗಾರರಿಗೆ ಬೆನ್ನು ಹಾಕಿ ನಿಂತರು. ಯಾರ ಎದುರು ಹಾರಿಸಿದೆ ಎಂದು ಅವರಿಗೆ ಕಾಣಬಾರದು. ನಮಗೆ ಕಾಣುತ್ತದೆ. ಫಕಮೀಲೆ ಹುಲ್ಲಿನ ಮೇಲೆ ಬಂದಿದ್ದಳು. ನೂರು ಮೀಟರ್ ಇರಬಹುದು. ಗುಂಡು ಹಾರಿತು. ಗೆರೆಯ ಮೇಲೆ ಓಟ ನಡೆಸುವವರು ಕೈ ಕೈ ಹಿಡಿದು ಅಡ್ಡ ನಿಂತರು.

ಅವಳು ನಡೆದೇ ಬಂದು ಅವರ ಎದುರು ನಿಂತಳು. ಆಮೇಲೆ ಕುಸಿದಳು.

ನಾವು ಅವಳನ್ನು ಪಕ್ಕಕ್ಕೆ ಕರೆತಂದು ಹುಲ್ಲಿನ ಮೇಲೆ ಮಲಗಿಸಿದೆವು. ಜೆಫಾನಿಯಾ ಅಲ್ಲೇ ಕುಳಿತು ಶೂ ಬಿಚ್ಚುತ್ತಿದ್ದರು. ನಾನು ನೀರು ಹನಿಹನಿಯಾಗಿ ಕುಡಿಸಿದೆ. ಬದುಕಿದ್ದಾಳೆ, ಬದುಕಿದ್ದಾಳೆ ಎಂಬುದೊಂದೇ ನನ್ನ ತಲೆಯಲ್ಲಿ. ಅವಳು ಕಣ್ಣು ಬಿಟ್ಟು ದೀಪ ನೋಡುತ್ತ, "ಎರಡು ಮಾತ್ರೆ. ಅಷ್ಟೇ ಕೇಳಿದ್ದು," ಎಂದಳು.

"ಹೌದು."

"ನೂರು ಮೀಟರ್ ಅತ್ತಿಗೆ. ಯಾಕೆ ಕೊಡಲಿಲ್ಲ?"

"ನಿಮ್ಮಣ್ಣಂಗೆ ಕೊಟ್ಟಿದ್ದೆ," ಎಂದೆ.

ಹೇಳಬೇಕೆಂದು ಹೇಳಿದ್ದಲ್ಲ. ಬಂದುಬಿಟ್ಟಿತು. ಅವಳು ಮೊಣಕೈ ಊರಿ ಎದ್ದಳು. ಜೆಫಾನಿಯಾ ಶೂ ದಾರ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ಒಂದು ವರ್ಷದಲ್ಲಿ ಮೊದಲ ಸಲ ನೇರ ನನ್ನ ಮುಖ ನೋಡಿದರು.

"ನೀನೂನಾ?" ಎಂದರು.

ಜೂನ್ ೧೨, ಬುಧವಾರ

ಫಕಮೀಲೆ ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ನಾನು ಬಾಗಿಲಾಚೆಯಿಂದ "ಯಾವ ಬಣ್ಣ?" ಎಂದು ಕೇಳುವುದು, ಅವಳು ಉತ್ತರ ಕೊಡದೆ ಇರುವುದು. ನಿನ್ನೆ ಮಧ್ಯಾಹ್ನ ಮಾತ್ರ ಒಳಗಿಂದ "ಒಣಹುಲ್ಲು" ಎಂದಳು, ಬೈಗುಳ ಹೇಳುವ ಹಾಗೆ. ನಾನು ಅಡುಗೆಮನೆಗೆ ಹೋಗಿ ನೆಲದ ಮೇಲೆ ಕುಳಿತುಬಿಟ್ಟೆ.

ಇವತ್ತು ಅಜ್ಜಿಯ ಹಿತ್ತಲಲ್ಲಿ ಸೀಸೆ, ಡ್ರಮ್ಮು ತೊಳೆಯುವುದಿತ್ತು. ಪ್ರತಿ ವರ್ಷ ಹತ್ತು ಹದಿನೈದು ಜನ ಬರುತ್ತಾರೆ. ಇವತ್ತು ನಾನು, ಅಜ್ಜಿ, ಜೆಫಾನಿಯಾ. ಮಿಕ್ಕವರನ್ನು ಅಜ್ಜಿಯೇ ಬರಬೇಡಿ ಎಂದಿದ್ದರಂತೆ. ಫಕಮೀಲೆ ಕುಂಟುತ್ತ ಬಂದು ಗೋಡೆಗೆ ಒರಗಿ ನಿಂತಳು.

ಜೆಫಾನಿಯಾ ಹೇಳಿದರು. ಎಪ್ಪತ್ತಾರನೆಯ ಕಿಲೋಮೀಟರ್. ಎಲ್ಫಾಸ್ ಬಸ್ಸಿನಿಂದ ಹಿಂದೆ ಬೀಳುತ್ತಿದ್ದರು. "ನನ್ನ ಕಾಲುಚೀಲದಲ್ಲಿ ಎರಡಿತ್ತು. ಅವನು ಕೇಳಲೂ ಇಲ್ಲ. ನಾನೇ ಕೊಟ್ಟೆ. ಬಸ್ಸು ತುಂಬಿ ಬರಬೇಕು ಅಂತ ನನ್ನ ಹಟ."

ಅಜ್ಜಿ ಕೈಯಲ್ಲಿದ್ದ ಸೀಸೆಯನ್ನು ತೊಳೆಯುತ್ತಲೇ ಇದ್ದರು. "ನನ್ನದು ಒಂದು. ಬೆಳಿಗ್ಗೆ ಹೊರಡುವಾಗ ಟ್ಯಾಕ್ಸಿಲಿ. ಸೊಂಟ ಹಿಡ್ಕೊಂಡಿದೆ ಅಜ್ಜಿ ಅಂದ. ತಗೋ ಅಂದೆ, ಪೆಪ್ಪರ್‌ಮಿಂಟ್ ಕೊಡೋ ಥರ. ಚೀಟಿ ನನ್ನ ಚೀಲದಲ್ಲೇ ಇತ್ತು. ಎಲ್ಲರ ಚೀಟಿ ಓದೋಳು ನಾನೇ ಅಲ್ವಾ."

"ಅದಕ್ಕೇನಾ ನೀವಿಬ್ಬರೂ ನನ್ನ ಮನೆಯೊಳಗೆ ಬರ್ತಿರಲಿಲ್ಲ? ನಾನು ಬಟ್ಟೆಗೆ ಹೆದರಿ ಅಂದ್ಕೊಂಡಿದ್ದೆ."

"ಬಟ್ಟೆಗಾ?" ಅಜ್ಜಿ ಸೀಸೆ ಕೆಳಗಿಟ್ಟರು. "ಮೂರು ಗಂಡಂದಿರನ್ನ ಮಣ್ಣು ಮಾಡಿದೀನಿ ಕಣೇ. ಆ ಬಟ್ಟೆ ನನಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತೆ."

ಜೆಫಾನಿಯಾ ನಕ್ಕರು. ನಾನೂ ನಕ್ಕೆ. ಮೂವರೂ ಗಕ್ಕನೆ ನಿಲ್ಲಿಸಿದೆವು, ಫಕಮೀಲೆ ನೋಡುತ್ತಿದ್ದಳು.

"ಐದು," ಎಂದಳು ಅವಳು. "ಎರಡು, ಎರಡು, ಒಂದು. ಮೂರು ಜನ. ಒಬ್ಬರ ಬಾಯಲ್ಲೂ ನಾಲಿಗೆ ಇರಲಿಲ್ಲ. ಆಸ್ಪತ್ರೇಲಿ ಆ ಡಾಕ್ಟರು ಕೇಳಿದ್ರು. ನಾನು ನಿನ್ನ ಮುಖ ನೋಡಿದೆ ಅತ್ತಿಗೆ. ಅವತ್ತೇ ಗೊತ್ತಾಯ್ತು ನಂಗೆ."

"ಗೊತ್ತಿದ್ದೂ ನನ್ನ ಹೆಸರು ಬರೆದ್ಯಾ?"

"ಕೈ ಅಂತ ಇನ್ಯಾರನ್ನ ಬರೀಲಿ? ಇನ್ನೊಂದ್ಸಲ ಕೊಡಲ್ಲ ಅಂತ ಗ್ಯಾರಂಟಿ ಇದ್ದೋಳು ನೀನೊಬ್ಬಳೇ." ಹೇಳುತ್ತ ಅಳತೊಡಗಿದಳು. "ಆದ್ರೂ ಕೇಳಿದೆನಲ್ಲ. ಎಲ್ಲ ಗೊತ್ತಿದ್ದೂ ಕೇಳಿದೆನಲ್ಲ ನಾನು."

ಯಾರೂ ಅವಳ ಹತ್ತಿರ ಹೋಗಲಿಲ್ಲ. ನಲ್ಲಿ ಸುರಿಯುತ್ತಲೇ ಇತ್ತು. ಮೂಗು ಒರೆಸಿಕೊಂಡು ಅವಳೇ ಮತ್ತೆ ಹೇಳಿದಳು, "ಅಮ್ಮಂಗೆ ಹೇಳ್ಬೇಕು. ನಾನು ಹೇಳಲ್ಲ. ನೀವು ಹೇಳ್ತೀರ."

ಜೂನ್ ೧೪

ಅತ್ತೆ ನನ್ನನ್ನು ಹೊರಗೆ ಹಾಕಬಹುದು. ಬಟ್ಟೆ ಕಳಚುವ ಶಾಸ್ತ್ರಕ್ಕೆ ಮೇಕೆ ಕಡಿಯಬೇಕಾದವರು ಅವರ ಕಡೆಯವರು. ಈ ಸೊಸೆಗೆ ನಾವು ಮಾಡುವುದಿಲ್ಲ ಎಂದರೆ ಸಾಯುವವರೆಗೆ ಇದೇ ಬಟ್ಟೆ. ಮೂರು ಜನ ಹಂಚಿಕೊಂಡರೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಇಲ್ಲ. ಯಾರ ಮಾತ್ರೆ ಎಂದು ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟೇ.

ನಾಳೆ ಬೆಳಿಗ್ಗೆ ಆರಕ್ಕೆ ಅತ್ತೆಯ ಊರಿಗೆ ಹೊರಡುತ್ತೇವೆ. ಜೆಫಾನಿಯಾ ಮೂರು ಸಲ ಫೋನ್ ಮಾಡಿದರು. ಮೂರನೆಯ ಸಲ ಏನೂ ಮಾತಾಡಲಿಲ್ಲ, ನಾನೂ ಆಡಲಿಲ್ಲ, ಆದರೂ ಬಹಳ ಹೊತ್ತು ಇಬ್ಬರೂ ಇಡಲಿಲ್ಲ.

ಜೂನ್ ೧೫, ಶನಿವಾರ

ಎನ್‌ಡ್ವೆಡ್ವೆಯ ಗುಡ್ಡದವರೆಗೂ ಕಾರು ಹೋಗುವುದಿಲ್ಲ. ಕೊನೆಯ ಏರು ನಡೆಯಬೇಕು. ಫಕಮೀಲೆಯ ಮಂಡಿ, ಅಜ್ಜಿಯ ಉಬ್ಬಸ. ಜೆಫಾನಿಯಾ ಎಲ್ಲರಿಗಿಂತ ನಿಧಾನ ನಡೆದರು. ಬಸ್ಸಿನ ಹೆಜ್ಜೆ ಅದು, ಅವರಿಗೆ ಬೇರೆ ನಡಿಗೆ ಬರುವುದಿಲ್ಲ.

ಅತ್ತೆ ಗುಡಿಸಲಿನೊಳಗೆ ಚಾಪೆಯ ಮೇಲೆ ಕುಳಿತಿದ್ದರು. ನಾಲ್ವರನ್ನೂ ಒಟ್ಟಿಗೆ ನೋಡಿ, ಫಕಮೀಲೆಯ ಮೈಯನ್ನು ತಲೆಯಿಂದ ಕಾಲಿನವರೆಗೆ ಕಣ್ಣಿನಿಂದಲೇ ತಡವಿದರು. ಆಮೇಲೆ "ಹೇಳಿ," ಎಂದರು.

ನಾನು ಮೊದಲು ಹೇಳಿದೆ. ಎರಡು. ಡಾಕ್ಟರಿಗೆ ಇಲ್ಲ ಎಂದದ್ದನ್ನೂ ಹೇಳಿದೆ. ಜೆಫಾನಿಯಾ ಹೇಳಿದರು. ಅಜ್ಜಿ ಹೇಳಿದರು. ಮೂರೂ ಸೇರಿ ಐದು ನಿಮಿಷವೂ ಹಿಡಿಯಲಿಲ್ಲ. ಒಂದು ವರ್ಷ ಹೊತ್ತದ್ದು.

ಒಂದು ಕೋಳಿ ಒಳಗೆ ಬಂದು ನಮ್ಮನ್ನೆಲ್ಲ ನೋಡಿ ಹೊರಗೆ ಹೋಯಿತು. ನಾನು ಅತ್ತೆಯ ಕೈಯನ್ನೇ ನೋಡುತ್ತಿದ್ದೆ. ಏಳು, ಹೊರಡು ಎಂದು ಸನ್ನೆ ಮಾಡಿದರೆ ಏಳಬೇಕು ಎಂದು.

"ಅಷ್ಟೊಂದು ನೋವಿತ್ತಾ ಅವನಿಗೆ?" ಎಂದರು.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ವಾರವೆಲ್ಲ ನಾವು ಮಾತಾಡಿದ್ದು ನಮ್ಮ ಕೈಗಳ ಬಗ್ಗೆ. ಇದನ್ನು ನಾವ್ಯಾರೂ ಕೇಳಿಕೊಂಡಿರಲಿಲ್ಲ.

"ಇತ್ತು ಮಾ," ಎಂದರು ಜೆಫಾನಿಯಾ.

"ಎಲ್ಲಿಂದ?"

"ಮೊದಲಿಂದಲೂ ಇತ್ತು ಅನ್ಸುತ್ತೆ."

"ಆದ್ರೂ ಓಡಿದ."

"ಓಡಿದ. ಮುಗಿಸಿದ."

"ನಂಗೆ ಯಾರೂ ಹೇಳಲಿಲ್ಲ," ಎಂದರು ಅತ್ತೆ. ಧ್ವನಿ ಏರಲಿಲ್ಲ. "ಪೆಟ್ಟಿಗೆ ತಂದ್ರಿ, ಇಳಿಸಿದ್ರಿ, ಮಣ್ಣು ಹಾಕಿದ್ರಿ. ಅವನ ಕೊನೇ ಓಟ ಹೇಗಿತ್ತು ಅಂತ ಒಬ್ಬರೂ ನನ್ನ ಮುಂದೆ ಕೂತು ಹೇಳಲಿಲ್ಲ. ನಿಮ್ಮ ಮೇಲಿನ ಸಿಟ್ಟು ನನಗೆ ಆಮೇಲೆ ಬರುತ್ತೆ, ಬರಲಿ, ಅದಕ್ಕೆ ಟೈಮಿದೆ. ಈಗ ಹೇಳಿ. ಟ್ಯಾಕ್ಸಿ ಹತ್ತಿದ ಕಡೆಯಿಂದ ಹೇಳಿ."

ಅಜ್ಜಿ ಶುರುಮಾಡಿದರು. ಟ್ಯಾಕ್ಸಿಯಲ್ಲಿ ಎಲ್ಫಾಸ್ ಕಿಟಕಿ ಪಕ್ಕದ ಸೀಟಿಗೆ ಜಗಳ ಆಡಿದ್ದು, ಅಜ್ಜಿಯ ಬ್ರೆಡ್ಡು ಕದ್ದು ತಿಂದಿದ್ದು. ಅತ್ತೆ "ಕಳ್ಳ," ಎಂದರು. ಜೆಫಾನಿಯಾ ಮುಂದುವರಿಸಿದರು. ಹತ್ತನೆಯ ಕಿಲೋಮೀಟರಿನಲ್ಲಿ ಒಬ್ಬಳು ಅಪರಿಚಿತ ಹುಡುಗಿಗೆ ತಮ್ಮ ಕೈಗವಸು ಕೊಟ್ಟದ್ದು. ಇಪ್ಪತ್ತೆಂಟರಲ್ಲಿ ಶ್ರುತಿ ತಪ್ಪಿ ಹಾಡಿ ಇಡೀ ಬಸ್ಸನ್ನು ನಗಿಸಿದ್ದು. ಅರ್ಧ ದಾರಿಯಲ್ಲಿ ಮೊದಲ ಸಲ ಕುಂಟಿದ್ದು, ಕುಂಟಿಲ್ಲ ಎಂದು ವಾದಿಸಿದ್ದು. ಇವೆಲ್ಲ ನನಗೂ ಗೊತ್ತಿರಲಿಲ್ಲ. ಫಕಮೀಲೆ ತಾಯಿಯ ತೊಡೆಯ ಮೇಲೆ ಕಾಲು ಚಾಚಿದ್ದಳು, ಅತ್ತೆ ಅವಳ ಮಂಡಿಯನ್ನು ನೀವುತ್ತ ಕೇಳುತ್ತಿದ್ದರು. ನಲವತ್ತು. ನಲವತ್ತೊಂಬತ್ತು. ಐವತ್ತೈದು.

ಅಲ್ಲಿಗೆ ಬಂದು ಜೆಫಾನಿಯಾ ನಿಲ್ಲಿಸಿದರು. ಮುಂದಿನದು ಐವತ್ತೆಂಟು, ನನ್ನ ಮೇಜು. ಎಲ್ಲರೂ ನನ್ನ ಕಡೆ ತಿರುಗಿದರು.

"ಬಹಳ ಬಿಸಿಲಿತ್ತು ಅತ್ತೆ," ಎಂದೆ. "ತಿರುವಿನಲ್ಲಿ ಮೊದಲು ಅವರ ಟೋಪಿ ಕಂಡಿತು. ನನ್ನನ್ನ ನೋಡಿದ ಕೂಡಲೇ ಕುಂಟೋದನ್ನ ಬಿಟ್ಟು ನೆಟ್ಟಗೆ ಓಡೋಕೆ ನೋಡಿದರು."